ಅಪ್‌ಡೇಟ್: ಬಾಟಲಿ ಬಿಡಿಸಿದ ಮೇಲೆ

ಹನ್ನೊಂದು ತಿಂಗಳು ತುಂಬಿದ ಮಗಳು ಲೋಟವನ್ನು ಕಂಡರೆ ಮುಖ ತಿರುಗಿಸಿ ಬಾಟಲಿಗಾಗಿಯೇ ಹಟ ಹಿಡಿಯುತ್ತಾಳೆ, ಏನು ಮಾಡಲಿ ಎಂದು ಹಿಂದೆ ಕೇಳಿದ್ದೆ. ಒಮ್ಮೆಲೇ ನಿಲ್ಲಿಸದೆ ಹಗಲಿನ ಬಾಟಲಿಯಿಂದ ಆರಂಭಿಸಿ ಎಂದು ಹಲವರು ನೀಡಿದ ಸಲಹೆಯಂತೆ, ಮೊದಲು ಮಧ್ಯಾಹ್ನದ್ದನ್ನೂ ಐದು ದಿನಗಳ ಬಳಿಕ ಬೆಳಗಿನದನ್ನೂ ತೆಗೆದು, ಊಟದ ಜೊತೆಗೇ ಪುಟ್ಟ ಸ್ಟೀಲ್ ಲೋಟದಲ್ಲಿ ಎರಡು ಗುಟುಕಿನಷ್ಟು ಹಾಲು ಕೊಡತೊಡಗಿದೆ. ಮೊದಲ ವಾರ ಕುಡಿದದ್ದಕ್ಕಿಂತ ಚೆಲ್ಲಿದ್ದೇ ಹೆಚ್ಚು. ಅತ್ತೆಯವರು ಹಳೆಯ ಒಳಲೆಯನ್ನು (ಮಕ್ಕಳಿಗೆ ಹಾಲು ಕುಡಿಸುವ ಕೊಕ್ಕಿನಂಥ ಬಾಯಿಯ ಪುಟ್ಟ ಪಾತ್ರೆ) ಹುಡುಕಿ ತಂದರು. ಅವಳು ಅದನ್ನು ಕಚ್ಚಿ ಆಡಿದಳೇ ಹೊರತು ಕುಡಿಯಲಿಲ್ಲ.

ಕಷ್ಟವಾದದ್ದು ರಾತ್ರಿಯದು. ಬಾಟಲಿಯನ್ನು ಬಾಯಲ್ಲಿಟ್ಟುಕೊಂಡೇ ನಿದ್ರೆಹೋದರೆ ಹಾಲಿನ ಸಕ್ಕರೆ ಹಲ್ಲುಗಳ ಮೇಲೆ ಉಳಿದು ಹುಳುಕಿಗೆ ಕಾರಣವಾಗುತ್ತದೆ ಎಂದು ಮಕ್ಕಳ ವೈದ್ಯರು ತಿಳಿಸಿದ್ದರಿಂದ, ಮಲಗುವ ಅರ್ಧ ಗಂಟೆ ಮೊದಲೇ ಲೋಟದಲ್ಲಿ ಕುಡಿಸಿ, ಹಲ್ಲು ಒರೆಸಿ, ಆಮೇಲೆ ನಮ್ಮ ಯಜಮಾನರೇ ತಟ್ಟಿ ಮಲಗಿಸುವುದೆಂದು ನಿಶ್ಚಯಿಸಿದೆವು; ನನ್ನನ್ನು ಕಂಡರೆ ಅವಳಿಗೆ ಬಾಟಲಿಯ ನೆನಪಾಗುತ್ತಿತ್ತು. ಮೂರು ರಾತ್ರಿ ಅತ್ತಳು, ನಾಲ್ಕನೆಯ ರಾತ್ರಿ ಹಾಗೆಯೇ ನಿದ್ರಿಸಿದಳು.

ದಿನದ ಹಾಲು 700 ಮಿ.ಲೀ.ನಿಂದ 400ಕ್ಕೆ ಇಳಿದಾಗ ಗಾಬರಿಯಾಯಿತು. ವರ್ಷ ತುಂಬಿದ ಮೇಲೆ ಅಷ್ಟು ಸಾಕು, ಅತಿಯಾದ ಹಸುವಿನ ಹಾಲು ಹೊಟ್ಟೆ ತುಂಬಿಸಿ ಕಬ್ಬಿಣಾಂಶದ ಕೊರತೆಗೆ ದಾರಿಯಾಗುತ್ತದೆ ಎಂದು ವೈದ್ಯರು ಹೇಳಿದರು. ಈಗ ರಾಗಿ ಸರಿಯನ್ನೂ ಮೊಸರನ್ನವನ್ನೂ ತಾನಾಗಿಯೇ ಬಾಯ್ತೆರೆದು ತಿನ್ನುತ್ತಿದ್ದಾಳೆ. ಬಾಟಲಿಗಳೆಲ್ಲ ಅಟ್ಟ ಸೇರಿವೆ.