ಸಹಾಯ ಬೇಕು: ಡ್ರ್ಯಾಗ್ ಕುರಿತ ಕವಿತೆಯಲ್ಲಿ ಸ್ತ್ರೀವೇಷದ ಹೋಲಿಕೆ ಇರಬೇಕೇ?

ಗುಂಪಿನ ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ. ನಾನು ಮಂಗಳೂರಿನಲ್ಲಿದ್ದು ಕವಿತೆ ಬರೆಯುತ್ತೇನೆ. ಬೆಂಗಳೂರಿನ ಕ್ವಿಯರ್ ಸಮುದಾಯದ, ಅಂದರೆ ಲಿಂಗ, ಲೈಂಗಿಕತೆಗಳಲ್ಲಿ ರೂಢಿಗಿಂತ ಭಿನ್ನರಾದವರ, ರಾತ್ರಿಕೂಟಗಳನ್ನೂ ಅಲ್ಲಿ ಹೆಚ್ಚಾಗಿ ಬೇರೆ ಲಿಂಗದ ವೇಷವನ್ನು ಅತಿರಂಜಿತವಾಗಿ ತೊಟ್ಟು ನೀಡುವ ಡ್ರ್ಯಾಗ್ ಪ್ರದರ್ಶನಗಳನ್ನೂ ಕುರಿತ ಕವಿತಾಗುಚ್ಛವೊಂದನ್ನು ಸಿದ್ಧಪಡಿಸುತ್ತಿದ್ದೇನೆ.

ಕರಾವಳಿಯ ಓದುಗರಿಗೆ ಹತ್ತಿರವಾಗಲೆಂದು ಮೊದಲ ಕವಿತೆಯಲ್ಲಿ ಯಕ್ಷಗಾನದ ಸ್ತ್ರೀವೇಷವನ್ನು ತಂದಿದ್ದೇನೆ. ಕೋಳ್ಯೂರು ರಾಮಚಂದ್ರ ರಾಯರಂಥವರ ವೇಷಗಳನ್ನು ಮೆಚ್ಚಿದ ನಾಡಿನಲ್ಲಿ, ಗಂಡಸು ಹೆಣ್ಣಾಗಿ ರಂಗಕ್ಕೆ ಬರುವುದನ್ನು ವಿವರಿಸಬೇಕಾಗಿಲ್ಲ. ಆದರೆ ಸ್ತ್ರೀವೇಷಧಾರಿಗಳು ಪ್ರಸಂಗದ ಪಾತ್ರಕ್ಕೆ ಒಳಗಾಗಿ, ಭಾಗವತರ ಪದಕ್ಕೆ ಕುಣಿದು, ಸ್ವಂತ ಹೆಸರಿನಲ್ಲೇ ಮನ್ನಣೆ ಪಡೆಯುತ್ತಾರೆ. ಡ್ರ್ಯಾಗ್ ಕಲಾವಿದರು ತಾವೇ ಕಟ್ಟಿಕೊಂಡ ಪಾತ್ರವಾಗಿ, ಹೆಚ್ಚಾಗಿ ಬೇರೊಂದು ಹೆಸರಿನಲ್ಲಿ, ಧ್ವನಿಮುದ್ರಿತ ಹಾಡಿಗೆ ತುಟಿಯಾಡಿಸುತ್ತ, ಗಂಡು ಹೆಣ್ಣೆಂಬ ಗೆರೆಯನ್ನೇ ಬೇಕೆಂದು ಪ್ರಶ್ನಿಸುತ್ತಾರೆ. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟು ವಯಸ್ಕರ ಸಮ್ಮತಿಯ ಸಲಿಂಗ ಸಂಬಂಧ ಅಪರಾಧವಲ್ಲವೆಂದು ತೀರ್ಪಿತ್ತ ಮೇಲೂ, ಆ ಕೂಟಗಳಿಗೆ ಬರುವ ಅನೇಕರಿಗೆ ಮನೆಯವರ ಭಯ ಹೋಗಿಲ್ಲ. ಯಕ್ಷಗಾನದವರು ಬಣ್ಣ ಹಚ್ಚಿ ವೇಷ ಕಟ್ಟುವ ಚೌಕಿಯ ಹೋಲಿಕೆ ಬಂದೊಡನೆ ಆ ಭಯವೂ, ಅದನ್ನು ಮೀರಿದ ಅವರ ಸಂಭ್ರಮವೂ ಮರೆಯಾಗುತ್ತವೆ ಎಂಬುದೇ ನನ್ನ ಸಂಕಟ.

ಸ್ತ್ರೀವೇಷವನ್ನು ತೆಗೆದು ಬರೆದು ನೋಡಿದೆ. ಉಡುಪಿಯ ಗೆಳೆಯರು ಕವಿತೆ ಯಾವುದೋ ದೂರದ ಊರಿನ ವರದಿಯಂತಿದೆ ಎಂದರು. ಅಡಿಟಿಪ್ಪಣಿ ಸೇರಿಸಿದೆ, ಓದಿನ ಲಯ ಕೆಟ್ಟಿತು. ಹೋಲಿಕೆ ಸುಳ್ಳೆಂದು ನನಗೆ ಅನ್ನಿಸುವುದಿಲ್ಲ, ಆದರೆ ಅದು ಅರ್ಧ ದಾರಿಯವರೆಗೆ ಮಾತ್ರ ಬರುತ್ತದೆ.

ಯಕ್ಷಗಾನ ಬಲ್ಲವರೂ ಕ್ವಿಯರ್ ಸಮುದಾಯದ ಓದುಗರೂ ದಯವಿಟ್ಟು ತಿಳಿಸಿ: ಸ್ತ್ರೀವೇಷವನ್ನು ಮೊದಲ ಕವಿತೆಯಲ್ಲೇ ಉಳಿಸಿಕೊಂಡು ವ್ಯತ್ಯಾಸವನ್ನೂ ಅಲ್ಲಿಯೇ ಹೇಳಲೇ, ಅಥವಾ ಅದನ್ನು ಪ್ರತ್ಯೇಕ ಕವಿತೆಯಾಗಿಸಿ ಡ್ರ್ಯಾಗ್ ಕಲಾವಿದರನ್ನು ಯಾವ ಹೋಲಿಕೆಯೂ ಇಲ್ಲದೆ ಚಿತ್ರಿಸಲೇ?