ಹ್ಯಾಮ್‌ಸ್ಟರ್‌ನ ತಿಂಗಳ ಸಂಬಳ

“ಒಂಬತ್ತಕ್ಕೆ ಏಳುವುದು ಸೋಮಾರಿತನವಲ್ಲ, ವಂಶವಾಹಿ” ಎಂದ ಶ್ರೀಪತಿ, ಚುರುಮುರಿಯ ಪೊಟ್ಟಣ ಬಿಚ್ಚುತ್ತಾ. ಸಂಜೆ ಏಳೂವರೆ, ನಮ್ಮ ಜಗಲಿ, ಎಂದಿನ ನಾಲ್ವರು. ಶೇಷಗಿರಿ ಆಗಲೇ ಎರಡು ಸಲ ಆಕಳಿಸಿದ್ದ.

“ನಿಮ್ಮಪ್ಪ ನಾಲ್ಕೂವರೆಗೆ ಎದ್ದು ಹಾಲು ಕರೆಯುತ್ತಿದ್ದರು. ಇದು ಯಾರ ವಂಶದ್ದಯ್ಯಾ?” ಎಂದ ವಾಸು.

ನಾನು ಹ್ಯಾಮ್‌ಸ್ಟರ್ ಎಂಬ ಇಲಿಯಂಥ ಪುಟ್ಟ ಪ್ರಾಣಿಯ ಕಥೆ ತೆಗೆದೆ. ಅಮೆರಿಕದ ಪ್ರಯೋಗಾಲಯವೊಂದಕ್ಕೆ ಮಾರಾಟಗಾರರಿಂದ ಬಂದ ಹಿಂಡಿನಲ್ಲಿ ಒಂದು ಗಂಡು ವಿಚಿತ್ರವಾಗಿತ್ತು. ಸದಾ ಕತ್ತಲಲ್ಲಿಟ್ಟರೆ ಉಳಿದವು ಹೆಚ್ಚುಕಡಿಮೆ 24 ಗಂಟೆಗೊಮ್ಮೆ ಎದ್ದು ಚಕ್ರ ತುಳಿಯುತ್ತವೆ. ಇದು 22 ಗಂಟೆಗೇ ಹಾಜರು. ರಾಲ್ಫ್ ಮತ್ತು ಮೆನಾಕರ್ ಎಂಬ ವಿಜ್ಞಾನಿಗಳು 1988ರಲ್ಲಿ ಇದನ್ನು ಪ್ರಕಟಿಸಿದರು. ಅಪ್ಪ, ಅಮ್ಮ ಇಬ್ಬರಿಂದಲೂ ಆ ವಂಶವಾಹಿ ದೋಷ ಪಡೆದ ಮರಿಗಳಿಗಂತೂ ದಿನವೆಂದರೆ 20 ಗಂಟೆ.

ಬ್ಯಾಂಕಿನಲ್ಲಿ ಸವೆದ ವಾಸು ಬೆರಳು ಮಡಚಿದ. “ಅಂದರೆ ಅದರ ತಿಂಗಳು ನಮ್ಮ 25 ದಿನಕ್ಕೇ ಮುಗಿಯಿತು. ಐದು ದಿನ ಮೊದಲೇ ಸಂಬಳ!”

“ಬಾಡಿಗೆಯೂ” ಎಂದ ಶ್ರೀಪತಿ.

ಕಾರಣ ತಿಳಿದದ್ದು 2000ದಲ್ಲಿ. ಜೀವಕೋಶ ‘ಪರ್’ ಎಂಬ ಪ್ರೋಟೀನನ್ನು ದೋಸೆಯಂತೆ ಹುಯ್ಯುತ್ತಾ ಹೋಗುತ್ತದೆ. ರಾಶಿ ಬಿದ್ದಾಗ ಆ ದೋಸೆಗಳೇ ಹೋಗಿ ಒಲೆ ಆರಿಸುತ್ತವೆ. ರಾಶಿ ಕರಗಿದ ಮೇಲೆ ಮತ್ತೆ ಒಲೆ ಹತ್ತುತ್ತದೆ. ಈ ಸುತ್ತಿಗೆ ಒಂದು ದಿನ. ದೋಸೆ ಖಾಲಿ ಮಾಡಿಸುವ ಕಿಣ್ವವೊಂದು ಈ ಹ್ಯಾಮ್‌ಸ್ಟರ್‌ನಲ್ಲಿ ವಿಪರೀತ ಚುರುಕು, ಅಷ್ಟೇ.

“ದುರಸ್ತಿ ಇಲ್ಲವೇ?”

“ಕಸಿ ಮಾಡಿದ್ದಾರೆ, 1990ರಲ್ಲಿ.” ಮೆದುಳಿನ ಬುಡದಲ್ಲಿ ಅಕ್ಕಿಕಾಳಿಗಿಂತ ಚಿಕ್ಕದೊಂದು ನರಕೋಶಗಳ ಗಂಟಿದೆ. ಅದನ್ನು ಹಾಳುಗೆಡವಿದರೆ ಪ್ರಾಣಿಗೆ ಹೊತ್ತುಗೊತ್ತೇ ಇರುವುದಿಲ್ಲ. ಇನ್ನೊಂದು ಭ್ರೂಣದ ಗಂಟನ್ನು ಕೂರಿಸಿದರೆ ಹೊತ್ತು ಮರಳುತ್ತದೆ. ಆದರೆ ಕೊಟ್ಟವನ ಹೊತ್ತು, ಪಡೆದವನದಲ್ಲ.

“ಹಾಗಾದರೆ ನನಗೆ ಶೇಷಗಿರಿಯದನ್ನು ಕೂರಿಸಬೇಡಿ” ಎಂದು ಶ್ರೀಪತಿ ತಲೆ ಹಿಡಿದುಕೊಂಡ.

ಶೇಷಗಿರಿಯಂಥವರು ಅಮೆರಿಕದ ಯೂಟಾ ರಾಜ್ಯದ ಒಂದು ಮನೆತನದಲ್ಲಿ ತಲೆತಲಾಂತರದಿಂದ ಇದ್ದಾರೆ. ಸಂಜೆ ಏಳೂವರೆಗೆ ನಿದ್ದೆ, ನಸುಕಿನ ನಾಲ್ಕೂವರೆಗೆ ಎಚ್ಚರ. 2001ರಲ್ಲಿ ಹುಡುಕಿದಾಗ ಅವರ, ಆ ‘ಪರ್’ ಪ್ರೋಟೀನಿನದೇ ಆದ ‘ಪರ್2’ ವಂಶವಾಹಿಯಲ್ಲಿ ಒಂದೇ ಒಂದು ಅಕ್ಷರ ಬದಲಾಗಿತ್ತು.

“ನಿನ್ನ ಮನೆಯಲ್ಲಿ ಬೇರೆ ಯಾರಿಗಾದರೂ ಹೀಗುಂಟೇನೋ ಶೇಷಗಿರಿ?”

ಉತ್ತರವಿಲ್ಲ. ಕಂಬಕ್ಕೊರಗಿದ್ದ ಅವನ ಮುಷ್ಟಿಯಲ್ಲಿ ಚುರುಮುರಿ ಇನ್ನೂ ಅರ್ಧ ಉಳಿದಿತ್ತು. ಶ್ರೀಪತಿ ಒಂದೊಂದೇ ಬೆರಳು ಬಿಡಿಸತೊಡಗಿದ.