ಮಗ ಬಿಟ್ಟುಹೋದ ಸುಲ್ಕಾಟಾ ಆಮೆ: ಮನೆ ಹಾಲ್‌ನಲ್ಲಿ ಇಡೋದಾ, ಹಿತ್ತಲಲ್ಲಾ, ಟೆರೇಸ್ ಮೇಲಾ?

ಸರಸ್ವತೀಪುರಂ ಗೃಹಿಣಿ:

ಎಲ್ಲರಿಗೂ ನಮಸ್ಕಾರ. ನಮ್ಮ ಮಗ ಜೂನ್‌ನಲ್ಲಿ ಕೆಲಸಕ್ಕೆ ಅಂತ ಜರ್ಮನಿಗೆ ಹೋದ. ಹೋಗುವ ಮುಂಚೆ ಬೈಕ್ ಮಾರಿದ, ಗಿಟಾರ್ ಸ್ನೇಹಿತನಿಗೆ ಕೊಟ್ಟ, ಆಮೆ ನಮ್ಮ ಪಾಲಿಗೆ ಬಂತು. ಹೆಸರು ಗುಂಡಣ್ಣ. ಸುಲ್ಕಾಟಾ ಜಾತಿಯಂತೆ, ಮೂರು ವರ್ಷ. ಉದ್ದ 9 ಇಂಚು, ಅಡುಗೆಮನೆ ತಕ್ಕಡಿಯಲ್ಲಿ 2 ಕೆಜಿ 400 ಗ್ರಾಂ.

ಈಗ ಹಾಲಿನಲ್ಲಿ ಮೂರಡಿ ಗಾಜಿನ ತೊಟ್ಟಿಯಲ್ಲಿದೆ. ಇಡೀ ದಿನ ಗಾಜಿಗೆ ಮೂತಿ ಒತ್ತಿಕೊಂಡು ಅತ್ತಿಂದಿತ್ತ ನಡೆಯುತ್ತದೆ. ಪಾಪ ಅನಿಸಿ ಹೊರಗೆ ಬಿಟ್ಟರೆ ಟೈಲ್ಸ್ ಮೇಲೆ ನಾಲ್ಕು ಕಾಲೂ ನಾಲ್ಕು ಕಡೆ ಜಾರುತ್ತವೆ. ಕೊನೆಗೆ ಫ್ರಿಜ್ ಹಿಂದೆ ಹೋಗಿ ಸೇರಿಕೊಳ್ಳುತ್ತದೆ. ಬಿಸಿಲು ಬೇಕು ಅಂತ ತೊಟ್ಟಿಯನ್ನು ಕಿಟಕಿ ಪಕ್ಕ ಇಟ್ಟಿದ್ದೇನೆ.

ಹೋದ ಭಾನುವಾರ ಮುಂದಿನ ಅಂಗಳಕ್ಕೆ ಬಿಟ್ಟು ಹಾಲು ಉಕ್ಕಿತಾ ಅಂತ ಒಳಗೆ ಹೋಗಿ ಬಂದೆ. ಅಷ್ಟರಲ್ಲಿ ಗೇಟಿನ ಕೆಳಗೆ ನುಸುಳಿ ಹೋಗಿತ್ತು. ಆಮೆ ನಿಧಾನ ಅಂತ ಹೇಳಿದವರನ್ನು ಒಮ್ಮೆ ನೋಡಬೇಕು ನಾನು. ಅರ್ಧ ಗಂಟೆ ಹುಡುಕಿದ ಮೇಲೆ ಮೂರನೇ ಮನೆ ಮುಂದೆ ರಂಗೋಲಿ ಮೇಲೆ ಕೂತಿತ್ತು, ಎರಡು ಬೀದಿನಾಯಿ ಮೂಸುತ್ತಿದ್ದವು.

ನಮ್ಮ ಯಜಮಾನರು ಟೆರೇಸ್ ಮೇಲೆ ಬಿಡೋಣ, ನೀರಿನ ಟ್ಯಾಂಕ್ ಕೆಳಗೆ ನೆರಳಿದೆ ಅಂತಾರೆ. ನಮ್ಮತ್ತೆಗೆ 82. ಮನೆಯೊಳಗೆ ಕೂರ್ಮ ಇದ್ದರೆ ಒಳ್ಳೆಯದು, ಹಾಲಿನಿಂದ ಕದಲಿಸಬೇಡ ಅಂತಾರೆ. ಹಿತ್ತಲಲ್ಲಿ ಸುಮಾರು 10 ಅಡಿಗೆ 8 ಅಡಿ ಮಣ್ಣಿನ ಜಾಗ ಇದೆ. ಎರಡು ಕಡೆ ಕಾಂಪೌಂಡ್ ಗೋಡೆ. ಕರಿಬೇವು, ದಾಸವಾಳ, ಒಂದು ಕಣಗಿಲೆ ಇವೆ. ಯಾವುದು ಸರಿ? ಸಾಕಿದವರು ಹೇಳಿ, ಪ್ಲೀಸ್.

ಕಾಡುಪಾಪ:

ಆಂಟಿ, ಮೊದಲು ಒಂದು ವಿಷಯ. ನಿಮ್ಮದು ಸುಲ್ಕಾಟಾನೇ ಅಂತ ಖಾತ್ರಿ ಮಾಡಿಕೊಳ್ಳಿ. ಚಿಪ್ಪು ಸಾದಾ ಮಣ್ಣಿನ ಬಣ್ಣ ಇದ್ದು, ಹಿಂಗಾಲಿನ ತೊಡೆ ಹತ್ತಿರ ಮುಳ್ಳಿನ ಥರ ಇದ್ದರೆ ಸುಲ್ಕಾಟಾ. ಕಪ್ಪು ಚಿಪ್ಪಿನ ಮೇಲೆ ಹಳದಿ ಗೆರೆಗಳು ನಕ್ಷತ್ರದ ಹಾಗೆ ಹರಡಿದ್ದರೆ ಅದು ನಮ್ಮ ನಾಡಿನ ನಕ್ಷತ್ರ ಆಮೆ. ಅದನ್ನು ಮನೆಯಲ್ಲಿ ಇಟ್ಟುಕೊಳ್ಳುವ ಹಾಗೇ ಇಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ತಿದ್ದುಪಡಿ ಆದ ಮೇಲೆ ಅದು ಮೊದಲ ಅನುಸೂಚಿಯಲ್ಲಿದೆ, ಅಂದರೆ ಹುಲಿ ಇರುವ ಪಟ್ಟಿಯಲ್ಲೇ.

ಸುಲ್ಕಾಟಾ ಆಫ್ರಿಕಾದ್ದು. ಸಾಕಬಹುದು, ಆದರೆ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಬೇಕು. ಕೈ ಬದಲಾದರೂ ತಿಳಿಸಬೇಕು. ಮಗನನ್ನು ಕೇಳಿ, ಪೇಪರ್ ಯಾರ ಹೆಸರಿನಲ್ಲಿದೆ ಅಂತ.

ರೇಷ್ಮೆಮನೆ ಪಾಂಡವಪುರ:

ಅಕ್ಕಾ, ನಾನು ಒಂಬತ್ತು ವರ್ಷದಿಂದ ಸುಲ್ಕಾಟಾ ಸಾಕಿದ್ದೇನೆ. ನನ್ನದು ಈಗ 22 ಕೆಜಿ, ಎತ್ತಬೇಕಾದರೆ ನಡ ಹಿಡಿದುಕೊಳ್ಳುತ್ತದೆ. ಬಂದಾಗ ತೆಂಗಿನಕಾಯಿ ಚಿಪ್ಪಿನಷ್ಟಿತ್ತು. ಅದಕ್ಕೇ ಹೇಳ್ತೀನಿ, ಗುಂಡಣ್ಣನ ಈಗಿನ ಅಳತೆಗೆ ಜಾಗ ಮಾಡಬೇಡಿ. ಇವು 40–50 ಕೆಜಿವರೆಗೂ ಬೆಳೆಯುತ್ತವೆ, ನಮ್ಮ ನಂತರವೂ ಬದುಕುತ್ತವೆ. ಮುಂದೆ ಹಿತ್ತಲೂ ಸಾಲದು. ಇದನ್ನು ಮಗನ ಹತ್ತಿರ ಈಗಲೇ ಮಾತಾಡಿ.

ಟೆರೇಸ್ ಬೇಡವೇ ಬೇಡ. ಏಪ್ರಿಲ್‌ನಲ್ಲಿ ಬರಿಗಾಲಲ್ಲಿ ನಿಮ್ಮ ಯಜಮಾನರನ್ನು ಮಧ್ಯಾಹ್ನ ಎರಡು ಗಂಟೆಗೆ ಅಲ್ಲಿ ನಿಲ್ಲಿಸಿ, ಉತ್ತರ ಸಿಗುತ್ತದೆ. ಟ್ಯಾಂಕ್ ನೆರಳು ಸರಿದು ಹೋದರೆ ಆಮೆಗೆ ಹೋಗಲು ಜಾಗ ಇಲ್ಲ. ಅಗೆಯಲು ಮಣ್ಣೂ ಇಲ್ಲ.

ಕಿಟಕಿ ಬಿಸಿಲನ್ನೂ ನಂಬಬೇಡಿ. ಚಿಪ್ಪು, ಮೂಳೆ ಗಟ್ಟಿಯಾಗಲು ಬೇಕಾದ ಅತಿನೇರಳೆ ಕಿರಣವನ್ನು ಗಾಜು ತಡೆಯುತ್ತದೆ. ಒಳಗೆ ಬರುವುದು ಬೆಳಕು ಮತ್ತು ಕಾವು ಮಾತ್ರ. ಒಳಗೇ ಸಾಕಬೇಕು ಅಂದರೆ ಆ ಕಿರಣ ಕೊಡುವ ಯುವಿಬಿ ಟ್ಯೂಬ್ ಹಾಕಬೇಕು. ಅದು ಉರಿಯುತ್ತಿದ್ದರೂ ಆರು ತಿಂಗಳಿಂದ ಒಂದು ವರ್ಷದೊಳಗೆ ಕಿರಣ ಸತ್ತಿರುತ್ತದೆ, ಬದಲಾಯಿಸಬೇಕು. ಮೈಸೂರಿನಂಥ ಊರಲ್ಲಿ ಬಿಸಿಲು ಪುಕ್ಕಟೆ ಸಿಗುವಾಗ ಅದ್ಯಾಕೆ ಹೇಳಿ? ಹಗಲು ಹಿತ್ತಲು, ರಾತ್ರಿ ಚಿಲಕ ಹಾಕಿದ ಗೂಡು. ನನ್ನ ಲೆಕ್ಕ ಇಷ್ಟೇ.

ಇನ್ನು ಬೇಲಿ. ಸಾಕುವುದರಲ್ಲಿ ನಾನು ಎರಡು ಸಲ ಕೆಟ್ಟಿದ್ದೇನೆ, ಒಂದು ಇದರಲ್ಲೇ. ಮೊದಲು ತಂತಿ ಜಾಲರಿ ಹಾಕಿದ್ದೆ. ಆಚೆ ಕಡೆ ಕಾಣಿಸಿದರೆ ಆಮೆಗೆ ಅದು ದಾರಿ. ಮೂತಿ ಕಿತ್ತು ರಕ್ತ ಬರುವವರೆಗೆ ತಳ್ಳಿತು. ಕಾಣದಂಥ ಗೋಡೆಯೇ ಬೇಕು. ಸಾಲಿಡ್ ಬ್ಲಾಕ್‌ನಲ್ಲಿ ಒಂದು ವರಸೆ ಮಣ್ಣಿನೊಳಗೆ, ಎರಡು ಮೇಲೆ. ಒಳಗಡೆ ಗೋಡೆ ಬುಡಕ್ಕೆ ಕಡಪಾ ಕಲ್ಲಿನ ತುಂಡುಗಳನ್ನು ಅಡ್ಡಡ್ಡ ಹೂಳಿಸಿ. ಇವು ತಮ್ಮ ಊರಲ್ಲಿ ಬಿಸಿಲಿಗೆ ಹೆದರಿ ಮೀಟರ್‌ಗಟ್ಟಲೆ ಬಿಲ ತೋಡುವ ಜಾತಿ. ಇಲ್ಲಿ ಅಕ್ಟೋಬರ್ ಮಳೆಗೆ ಆ ಬಿಲ ಕುಸಿದರೆ ಆಮೆ ಒಳಗೇ. ಗೋಡೆ ಸೇರುವ ಮೂಲೆಗಳ ಮೇಲೂ ಒಂದೊಂದು ಚಪ್ಪಡಿ ಇಡಿ, ಮೂಲೆಯಲ್ಲಿ ಹತ್ತುವುದು ಜಾಸ್ತಿ.

ಎರಡನೆಯದು ಹೇಳಲು ಕಷ್ಟ. ಒಂಟಿಯಾಯಿತಲ್ಲ ಅಂತ ಇನ್ನೊಂದು ಗಂಡು ತಂದೆ. ಈ ಗಂಡುಗಳು ಕತ್ತಿನ ಕೆಳಗಿನ ಚಿಪ್ಪಿನಿಂದ ಹಾಯ್ದು ಒಂದನ್ನೊಂದು ಅಂಗಾತ ಕೆಡವುತ್ತವೆ. ಒಂದು ಮೇ ತಿಂಗಳು, ಹುಳುಗಳಿಗೆ ಸೊಪ್ಪು ಹಾಕುವ ಗಡಿಬಿಡಿಯಲ್ಲಿ ನಾನು ಆ ಕಡೆ ಹೋಗಲಿಲ್ಲ. ಮಧ್ಯಾಹ್ನ ನೋಡಿದಾಗ ಚಿಕ್ಕದು ಅಂಗಾತ ಬಿದ್ದು ಬಿಸಿಲಲ್ಲೇ ಸತ್ತಿತ್ತು. ಜೊತೆ ತರಬೇಡಿ ಅಕ್ಕಾ. ಅವಕ್ಕೆ ಒಂಟಿತನ ಇಲ್ಲ, ಇರೋದು ನಮಗೆ.

ಗೂಡು ಸುಲಭ. ಕೋಳಿ ಗೂಡಿನ ಹಾಗೆ ಮರದ ಪೆಟ್ಟಿಗೆ, ನೆಲದಿಂದ ನಾಲ್ಕಿಂಚು ಎತ್ತರ, ಹತ್ತಲು ಇಳಿಜಾರು ಹಲಗೆ, ಒಳಗೆ ಒಣಹುಲ್ಲು. ಮುಂಗುಸಿ, ಹೆಗ್ಗಣ, ನಾಯಿ ಮೂರಕ್ಕೂ ತಡೆಯುವ ಚಿಲಕ ಬೇಕು. ಡಿಸೆಂಬರ್, ಜನವರಿಯಲ್ಲಿ ನಿಮ್ಮಲ್ಲಿ ರಾತ್ರಿ 15–16 ಡಿಗ್ರಿಗೆ ಇಳಿಯುತ್ತದೆ. ಗೂಡಿನೊಳಗೆ 20ಕ್ಕಿಂತ ಕೆಳಗೆ ಹೋಗದ ಹಾಗೆ ಸೆರಾಮಿಕ್ ಹೀಟರ್ (ಬೆಳಕಿಲ್ಲದೆ ಕಾವು ಮಾತ್ರ ಕೊಡುವ ಬಲ್ಬಿನಂಥದ್ದು) ಹಾಕಿ, ಸುತ್ತ ತಂತಿ ಬುಟ್ಟಿ ಇರಲಿ, ಕಾವು ಹೆಚ್ಚಾದರೆ ತಾನೇ ಆರಿಸುವ ಥರ್ಮೋಸ್ಟಾಟ್ ಇರಲಿ. ಹುಲ್ಲಿಗೆ ತಗುಲಬಾರದು. ಚಳಿಗಿಂತ ಚಳಿ ಮತ್ತು ಒದ್ದೆ ಸೇರಿದರೆ ಅಪಾಯ. ಮೂಗಿನಲ್ಲಿ ಗುಳ್ಳೆ ಬಂದರೆ, ಬಾಯಿ ತೆರೆದು ಉಸಿರಾಡಿದರೆ ಅವತ್ತೇ ಡಾಕ್ಟರ್ ಹತ್ತಿರ ಹೋಗಿ.

ಕಣಗಿಲೆಯನ್ನು ಇವತ್ತೇ ಬೇರು ಸಮೇತ ತೆಗೆಸಿ. ಎಲೆ, ಹೂವು, ಕಡ್ಡಿ ಎಲ್ಲವೂ ವಿಷ. ದಾಸವಾಳ ಇರಲಿ, ಎಲೆ ಹೂ ಎರಡನ್ನೂ ತಿನ್ನುತ್ತದೆ. ಮುಖ್ಯ ಊಟ ಗರಿಕೆ, ಹುಲ್ಲು. ಹಿಪ್ಪುನೇರಳೆ ಸೊಪ್ಪು, ಮುಳ್ಳು ತೆಗೆದ ಪಾಪಾಸುಕಳ್ಳಿ ಕೊಡಬಹುದು. ಅನ್ನ, ಬ್ರೆಡ್, ದಿನಾ ಬಾಳೆಹಣ್ಣು ಬೇಡ. ನೀರಿಗೆ ಕುಂಡದ ತಟ್ಟೆ ಸಾಕು, ಗದ್ದಕ್ಕಿಂತ ಆಳ ಬೇಡ.

ಕುಕ್ಕರಹಳ್ಳಿ ವಾಕರ್:

ಮೇಡಂ, ಮೇಲಿನವರು ಬಿಟ್ಟ ಒಂದು ಮಾತು. ಗೋಡೆಯಲ್ಲಿ ಮಳೆನೀರು ಹೋಗಲು ತೂತು ಬಿಡಿಸಿ, ಅದಕ್ಕೆ ದಪ್ಪ ತಂತಿ ಬಲೆ ಹಾಕಿಸಿ. ಇಲ್ಲದಿದ್ದರೆ ನೀರು ನಿಲ್ಲುತ್ತದೆ, ಬಲೆ ಬಿಟ್ಟರೆ ಹೆಗ್ಗಣ ಬರುತ್ತದೆ.

ಮತ್ತೆ ಯಾರಾದರೂ 'ಸಾಕಾಗದಿದ್ದರೆ ಕೆರೆಗೆ ಬಿಡಿ' ಅಂದರೆ ಕೇಳಬೇಡಿ. ಸುಲ್ಕಾಟಾಗೆ ಈಜು ಬರಲ್ಲ, ಮುಳುಗುತ್ತದೆ. ಕೆಂಪು ಕಿವಿಯ ನೀರಾಮೆ ಇಟ್ಟುಕೊಂಡವರಿಗೂ ಇದೇ ಮಾತು. ಅವು ಬದುಕಿಬಿಡುತ್ತವೆ, ನಮ್ಮ ಕೆರೆಯ ಆಮೆಗಳ ಅನ್ನ, ಜಾಗ ಕಸಿಯುತ್ತವೆ.

ಸರಸ್ವತೀಪುರಂ ಗೃಹಿಣಿ:

ಮೂರು ವಾರ ಆಯಿತು, ವರದಿ ಒಪ್ಪಿಸುತ್ತಿದ್ದೇನೆ. ಪೇಪರ್ ಮಗನ ಹೆಸರಿನಲ್ಲಿದೆ, ಬದಲಾಯಿಸಲು ಅವನೇ ಆನ್‌ಲೈನ್‌ನಲ್ಲಿ ಕೂತಿದ್ದಾನೆ. ಎರಡು ಕಡೆಗೆ ಗೋಡೆ ಆಯಿತು, 42 ಬ್ಲಾಕ್ ಹಿಡಿಯಿತು. ಗಾರೆ ಕೆಲಸದವರು ತೊಟ್ಟಿನಾ ಅಮ್ಮಾ, ಇಷ್ಟು ಗಿಡ್ಡ ಯಾಕೆ ಅಂತ ಎರಡು ಸಲ ಕೇಳಿದರು. ಆಮೆಗೆ ಅಂದ ಮೇಲೆ ಮತ್ತೆ ಏನೂ ಕೇಳಲಿಲ್ಲ.

ಕಣಗಿಲೆ ತೆಗೆಸುವಾಗ ಅತ್ತೆಗೆ ಬೇಜಾರಾಯಿತು, ಶಿವನ ಪೂಜೆಗೆ ಅದೇ ಹೂವು. ಈಗ ಪಕ್ಕದ ಮನೆಯಿಂದ ತರುತ್ತಾರೆ. ಹಗಲು ಹಿತ್ತಲು, ರಾತ್ರಿ ಗೂಡು ಅಂತ ಅವರನ್ನೂ ಒಪ್ಪಿಸಿದೆ. ಗೂಡನ್ನು ಯುಟಿಲಿಟಿಯಲ್ಲಿ, ವಾಷಿಂಗ್ ಮೆಷಿನ್ ಪಕ್ಕ ಇಟ್ಟಿದ್ದೇವೆ. ಅದೂ ಮನೆಯೊಳಗೇ ಲೆಕ್ಕ ಅಂದರು.

ಒಂದು ಸಂದೇಹ ಉಳಿದಿದೆ. ರಾತ್ರಿ ಕರೆಂಟ್ ಹೋದರೆ ಹೀಟರ್‌ಗೆ ಏನು ಮಾಡೋದು? ನಮ್ಮ ಯುಪಿಎಸ್‌ಗೆ ಫ್ಯಾನು, ಲೈಟು ಮಾತ್ರ ಕೊಟ್ಟಿದ್ದೇವೆ.

ರೇಷ್ಮೆಮನೆ ಪಾಂಡವಪುರ:

ಗೂಡಿನ ಮೇಲೆ ಎರಡು ಪದರ ಗೋಣಿಚೀಲ ಹೊದಿಸಿ, ಗಾಳಿಗೆ ಒಂದು ಕಡೆ ಬಿಡಿ. ಒಣಹುಲ್ಲು ಜಾಸ್ತಿ ತುಂಬಿ. ಯುಟಿಲಿಟಿ ಒಳಗೆ ಇರೋದರಿಂದ ಎರಡು ಮೂರು ಗಂಟೆಗೆ ಏನೂ ಆಗಲ್ಲ ಅಕ್ಕಾ. ಆದರೆ ಕರೆಂಟ್ ಬಂದ ತಕ್ಷಣ ಆ ಗೋಣಿಚೀಲ ತೆಗೆದುಬಿಡಿ, ಹೀಟರ್ ಉರಿಯುವಾಗ ಮೇಲಿರಬಾರದು.